ದೊಡ್ಡಪ್ಪನ ಸ್ಪಿಟ್‌ಫೈರ್

ತಂಗಿಯ ಮಗ ಮೊದಲ ಸಂಬಳದಲ್ಲಿ ಮನೆಯವರಿಗೆಲ್ಲ ಬಟ್ಟೆ ತಂದ. ಮಿಕ್ಕ ದುಡ್ಡಿಗೆ ಅವನಿಗೊಂದು ಸ್ಪಿಟ್‌ಫೈರ್ ಬೇಕಿತ್ತು, ಎರಡನೇ ಮಹಾಯುದ್ಧದ ಆ ಬ್ರಿಟಿಷ್ ಫೈಟರ್ ವಿಮಾನದ ಪ್ಲಾಸ್ಟಿಕ್ ಮಾಡೆಲ್. ಅಂಗೈ ಮೇಲೆ ಕೂರುವ 1/72 ಅಳತೆಯ ವಿಮಾನಗಳನ್ನು ಜೋಡಿಸಿ ಕೈ ಪಳಗಿಸಿಕೊಂಡವನು, ಈ ಸಲ ದೊಡ್ಡದೇ ಆಗಬೇಕೆಂದು ಪಟ್ಟು ಹಿಡಿದಿದ್ದ. ‘ಮಾಮ, ಇದ್ರಲ್ಲಿ ಯಾವ್ದು ತಗೊಳ್ಲಿ?’ ಎಂದು ಫೋನಿನಲ್ಲಿ ಮೂರು ಡಬ್ಬಿಗಳ ಚಿತ್ರ ತೋರಿಸಿದ. ಜಪಾನಿನ ಟಮಿಯಾದ 1/32 ಮಾರ್ಕ್ 8, ನ್ಯೂಜಿಲೆಂಡಿನ ಕೊಟಾರೆಯ 1/32 ಮಾರ್ಕ್ 1ಎ, ಇಂಗ್ಲೆಂಡಿನ ಏರ್‌ಫಿಕ್ಸ್‌ನ 1/24 ಮಾರ್ಕ್ 9.

ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡ್‌ಗಳ ಡಿಸೈನ್ ಮಾಡುತ್ತ ತಲೆ ನರೆತ ಮಾಮನಿಗೆ ಆ ಮೂರನೇ ಡಬ್ಬಿಯ ಹೆಸರು ಕಂಡದ್ದೇ ತಡ, ಅಳಿಯನ ಪ್ರಶ್ನೆ ಹಿಂದೆ ಸರಿಯಿತು. ತಿನ್ನರ್ ವಾಸನೆ, ನೀರು ಕಾಗದದ ಸರಸರ, ‘ಲೋ, ದೂರ ಕೂತ್ಕೊಳೋ’ ಎಂಬ ಗದರಿಕೆ ಒಟ್ಟಿಗೇ ನುಗ್ಗಿ ಬಂದವು.

ಅದು 1970ರ ದಶಕದ ಕೊನೆಯ ಬೆಂಗಳೂರು, ಮಾಮ ಆಗಿನ್ನೂ ಹುಡುಗ. ಮನೆ ಇದ್ದದ್ದು ಊರಿನ ಪೂರ್ವದಲ್ಲಿ, ವಿಮಾನ ಕಾರ್ಖಾನೆಯ ಸೈರನ್ನಿಗೆ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಬಡಾವಣೆಯಲ್ಲಿ. ಜೆಟ್ ಹಾರಿದರೆ ಸ್ಕೂಲಿನಲ್ಲಿ ಮೇಷ್ಟ್ರು ಮಾತು ನಿಲ್ಲಿಸಿ, ಸದ್ದು ಹೋದ ಮೇಲೆ ಅದೇ ವಾಕ್ಯದಿಂದ ಮುಂದುವರಿಯುತ್ತಿದ್ದರು. ದೊಡ್ಡಪ್ಪ ಆ ಕಾರ್ಖಾನೆಯಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಹೆಲ್ಪರ್ ಆಗಿ ಸೇರಿ, ಫಿಟ್ಟರ್ ಆಗಿ, ಫೋರ್‌ಮನ್ ಆಗದೆ ರಿಟೈರ್ ಆದವರು. ಆಗದೇ ಹೋದದ್ದರ ಕಹಿ ಅವರ ಮಾತಿನಲ್ಲಿ ಕೊನೆಯವರೆಗೂ ಇತ್ತು. ರಿಟೈರ್ ಆದ ಮೇಲೆ ಹಗಲಿಡೀ ಪಡಸಾಲೆಯ ಕುರ್ಚಿಯಲ್ಲಿ ಕೂತು, ಯಾರ ಮನೆಯ ಬೀಗ ಕೆಟ್ಟರೂ ಸ್ಟವ್ ಕೆಟ್ಟರೂ ಬಿಚ್ಚಿ ಹಾಕಿಕೊಳ್ಳುತ್ತಿದ್ದರು.

ಅಂಥ ಮನೆಗೆ ಲಂಡನ್ನಿನಿಂದ ಬಂದ ಅತ್ತೆಯ ಮಗ ಒಂದು ಡಬ್ಬಿ ತಂದುಕೊಟ್ಟ. ಏರ್‌ಫಿಕ್ಸ್ 1970ರಲ್ಲಿ ಹೊರತಂದಿದ್ದ 1/24 ಅಳತೆಯ ಸ್ಪಿಟ್‌ಫೈರ್ ಮಾರ್ಕ್ 1. ನಿಜವಾದ ವಿಮಾನದ ರೆಕ್ಕೆಯ ಹರವು 11.23 ಮೀಟರು. ಈ ಅಳತೆಯಲ್ಲಿ ಅದು 47 ಸೆಂಟಿಮೀಟರಿಗೆ ಹತ್ತಿರ, ಹುಡುಗನ ಸ್ಲೇಟಿಗಿಂತ ಎಷ್ಟೋ ಉದ್ದ. ಒಳಗೆ ಮರ್ಲಿನ್ ಎಂಜಿನ್ ಇತ್ತು. ಪುಟ್ಟ ಮೋಟರ್ ಕೂರಿಸಿ ಪ್ರೊಪೆಲ್ಲರ್ ತಿರುಗಿಸುವ ಅವಕಾಶವೂ ಇತ್ತು. ಚಕ್ರಕ್ಕೆ ರಬ್ಬರ್ ಟೈರು. ಹುಡುಗನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪಡಸಾಲೆಯಲ್ಲಿ ದೊಡ್ಡಪ್ಪ ಹಳೆಯ ಪಂಚೆ ಹಾಸಿ, ಬಿಡಿಭಾಗಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡು ಕೂತಿದ್ದಾರೆ.

‘ದೊಡ್ಡಪ್ಪಾ, ಅದು ನಂದು.’

‘ನಿಂದೇ ಕಣೋ. ಯಾರ್ ಇಲ್ಲ ಅಂದ್ರು? ಹಾಳ್ಮಾಡ್ಬೇಡ ಅಂತ. ಆ ಎಲೆ ಕತ್ತರಿ ಕೊಡು.’

ಅಲ್ಲಿಂದ ಮುಂದೆ ಹುಡುಗನ ಕೆಲಸ ಸಾಮಾನು ಎತ್ತಿಕೊಡುವುದು. ಅಂಟು ಮುಗಿದಾಗ ದೊಡ್ಡಪ್ಪ ಬಿಡಿಭಾಗ ಕತ್ತರಿಸಿ ಉಳಿದ ರನ್ನರ್ (ಅವನ್ನು ಹಿಡಿದಿದ್ದ ಪ್ಲಾಸ್ಟಿಕ್ ಚೌಕಟ್ಟು) ಚೂರುಗಳನ್ನು ಎನ್‌ಸಿ ತಿನ್ನರಿನಲ್ಲಿ ಕರಗಿಸಿ, ಶಾಯಿ ಬಾಟಲಿಯಲ್ಲಿ ಗಟ್ಟಿ ಗಂಜಿಯ ಹದಕ್ಕೆ ತಂದರು. ಅಂಟಿಗೂ ಅದೇ, ಸಂದು ತುಂಬುವುದಕ್ಕೂ ಅದೇ. ಪ್ಲಾಸ್ಟಿಕ್ಕಿನದೇ ದ್ರಾವಣವಾದ್ದರಿಂದ ಒಣಗಿದ ಮೇಲೆ ಉಜ್ಜಿದರೆ ಜೋಡಣೆಯ ಗೆರೆ ಎಲ್ಲಿತ್ತೆಂದು ಬೆರಳಿಗೆ ಸಿಗುತ್ತಿರಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಗುವಿನ ಮೂಗಿನ ಕೆಳಗೆ ಆ ಬಾಟಲಿ ತೆರೆದಿಟ್ಟದ್ದು ಸರಿಯಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಇಂದು ಅವನು ಅಳಿಯನಿಗೆ ಕಿಟಕಿ ತೆರೆಸದೆ, ಮಾಸ್ಕ್ ಹಾಕಿಸದೆ ಡಬ್ಬಿ ಮುಟ್ಟಗೊಡುವುದಿಲ್ಲ.

ಆಸನದ ಬೆಲ್ಟು ಮಾಡಿದ ಬಗೆಯನ್ನು ಅವನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲ. ಖಾಲಿಯಾದ ಟೂತ್‌ಪೇಸ್ಟ್ ಟ್ಯೂಬ್ ಆಗ ಲೋಹದ್ದು. ಅದನ್ನು ಸೀಳಿ, ತೊಳೆದು, ಬಾಟಲಿಯ ಮೈಯಿಂದ ಉಜ್ಜಿ ಸಪಾಟು ಮಾಡಿ, ಉಕ್ಕಿನ ಸ್ಕೇಲಿಟ್ಟು ಬ್ಲೇಡಿನಿಂದ ಎರಡು ಮಿಲಿಮೀಟರ್ ಅಗಲದ ಪಟ್ಟಿ ತೆಗೆದರು. ವಿದ್ಯುತ್ ವೈರಿನ ಒಂದು ತಾಮ್ರದ ಎಳೆಯನ್ನು ಸೂಜಿಯ ಸುತ್ತ ಬಗ್ಗಿಸಿ ಬಕಲ್ಲು. ಪಟ್ಟಿಯನ್ನು ಆಸನದ ಬೆನ್ನಿನಿಂದ ಇಳಿಬಿಟ್ಟು, ಬೆಂಕಿಕಡ್ಡಿಯ ತುದಿಯಿಂದ ಒತ್ತಿ, ಬಟ್ಟೆ ತನ್ನ ಭಾರಕ್ಕೆ ಮಡಿಚಿಕೊಂಡಂತೆ ಮಾಡಿದರು. ಆಮೇಲೆ ಒಂದು ತುಂಡು ರನ್ನರನ್ನು ಮೇಣದ ಬತ್ತಿಯ ಮೇಲೆ ಹದವಾಗಿ ಕಾಯಿಸಿ ಎರಡೂ ತುದಿ ಹಿಡಿದು ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬಂತು, ಅದು ಏರಿಯಲ್ ತಂತಿ. ಹುಡುಗ ಉಸಿರು ಬಿಗಿಹಿಡಿದು ನೋಡಿದ. ಅವನು ಮುಂದೆ ಮೋಲ್ಡ್ ಕೆಲಸಕ್ಕೆ ಬಿದ್ದದ್ದಕ್ಕೆ ಯಾವ ಕಾಲೇಜಿಗಿಂತಲೂ ಆ ಮಧ್ಯಾಹ್ನವೇ ಕಾರಣ.

ರಿವೆಟ್‌ಗಳ ವಿಷಯದಲ್ಲಿ ಮಾತ್ರ ದೊಡ್ಡಪ್ಪ ಯಾರ ಮಾತನ್ನೂ ಕೇಳುವವರಲ್ಲ. ಆ ಹಳೆಯ ಕಿಟ್ಟಿನ ಮೈತುಂಬ ಉಬ್ಬಿದ ರಿವೆಟ್ಟು. ‘ಇದೇನೋ, ವಿಮಾನಕ್ಕೆ ಬೆವರುಗುಳ್ಳೆ ಎದ್ದಂಗಿದೆ’ ಎಂದು ನೀರು ಕಾಗದ ಹಿಡಿದು ಅಷ್ಟನ್ನೂ ಉಜ್ಜಿ ನುಣ್ಣಗೆ ಮಾಡಿದರು. ಉಬ್ಬು ಯಾಕಿತ್ತೆಂಬುದು ಅವನಿಗೆ ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಮೋಲ್ಡಿನ ಉಕ್ಕಿನಲ್ಲಿ ಚಿಕ್ಕ ತಗ್ಗು ಕೊರೆದರೆ ಪ್ಲಾಸ್ಟಿಕ್ಕಿನಲ್ಲಿ ಉಬ್ಬು ತಾನಾಗಿ ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ತಗ್ಗು ಬೇಕಾದರೆ ಉಕ್ಕಿನಲ್ಲಿ ಅಷ್ಟು ಸಣ್ಣ ಉಬ್ಬನ್ನು ಉಳಿಸಿಕೊಂಡು ಸುತ್ತಲಿನದನ್ನೆಲ್ಲ ತೆಗೆಯಬೇಕು. ಅಂದಿನ ಕೈಕೆಲಸದಲ್ಲಿ ಅದು ಬಲು ದುಬಾರಿ. ನಿಜವಾದ ವಿಮಾನದಲ್ಲಿ ರಿವೆಟ್ ತಲೆ ಆರು ಮಿಲಿಮೀಟರ್ ಎಂದುಕೊಂಡರೂ 1/24ರಲ್ಲಿ ಅದು ಕಾಲು ಮಿಲಿಮೀಟರ್. ಕಂಡೂ ಕಾಣದಂತಿರಬೇಕಾದದ್ದು ಅದು.

ದೊಡ್ಡಪ್ಪ ಹೇಳಿದ್ದು ಅರ್ಧ ಸರಿ. ಸ್ಪಿಟ್‌ಫೈರಿನ ರೆಕ್ಕೆಯ ಮುಂಭಾಗದಲ್ಲಿ ರಿವೆಟ್‌ಗಳು ಮೈಗೆ ಸಮನಾಗಿ ಕೂತಿದ್ದವು. ಬಾಲದ ಕಡೆಯ ಮೈಯಲ್ಲಿ ಗುಂಡುತಲೆಯವು ಇದ್ದವು. ಎಲ್ಲಿ ಯಾವುದು ನಡೆದೀತೆಂದು ತಿಳಿಯಲು, ಸ್ಪಿಟ್‌ಫೈರ್ ತಯಾರಿಸಿದ ಸೂಪರ್‌ಮೆರೀನ್ ಕಂಪನಿಯವರು ಮಾಡಿದ ಪ್ರಯೋಗವನ್ನು ಓದಿದಾಗ ಅವನಿಗೆ ದೊಡ್ಡಪ್ಪನನ್ನು ಕೂಗಿ ಹೇಳಬೇಕೆನಿಸಿತ್ತು. ನುಣುಪಾದ ವಿಮಾನದ ಮೇಲೆ ಒಂದೊಂದು ರಿವೆಟ್ಟಿಗೂ ಒಡೆದ ಬಟಾಣಿ ಬೇಳೆ ಅಂಟಿಸಿ, ಹಾರಿಸಿ ವೇಗ ಅಳೆದರು. ಗಂಟೆಗೆ 22 ಮೈಲಿಯಷ್ಟು ಕಡಿಮೆ ಬಂತು. ಆಮೇಲೆ ಸಾಲು ಸಾಲಾಗಿ ಬೇಳೆ ಕೀಳುತ್ತ ಮತ್ತೆ ಮತ್ತೆ ಹಾರಿಸಿ, ಎಲ್ಲಿ ಗುಂಡುತಲೆ ಇದ್ದರೂ ನಷ್ಟವಿಲ್ಲವೆಂದು ಕಂಡುಕೊಂಡರು. ಹಾಗಾಗಿ ಇಂದು ಸ್ಪಿಟ್‌ಫೈರ್ ಕಿಟ್ ಕೈಗೆ ಬಂದರೆ ಅವನು ಮೊದಲು ನೋಡುವುದು ರಿವೆಟ್ ಇದೆಯೋ ಇಲ್ಲವೋ ಎಂದಲ್ಲ, ಎಲ್ಲಿ ಹೇಗಿದೆ ಎಂದು. ಮೈಯೆಲ್ಲ ಒಂದೇ ಸಮನೆ ಗುಳಿ ತೋಡಿದ ಕಿಟ್‌ಗಳು ಹಳೆಯ ಉಬ್ಬಿನ ಕಿಟ್‌ಗಳಷ್ಟೇ ತಪ್ಪು. ಅಂಥ ಗುಳಿಗಳಿಗೆ ದಪ್ಪ ಪ್ರೈಮರ್ ಬಳಿದು ಉಜ್ಜಿ ಅರ್ಧ ತುಂಬಿಸುವುದೇ ಮೊದಲ ತಿದ್ದುಪಡಿ.

ಕೆಲಸ ನಡೆಯುತ್ತಿದ್ದಷ್ಟು ಹೊತ್ತೂ ಯುದ್ಧದ ಕಥೆ. ಸ್ಪಿಟ್‌ಫೈರುಗಳು ಗುಂಡು ತೂರಿದ ರೆಕ್ಕೆ ಹೊತ್ತು ಬೆಂಗಳೂರಿಗೆ ಬರುತ್ತಿದ್ದವಂತೆ, ದೊಡ್ಡಪ್ಪ ರಾತ್ರಿಯೆಲ್ಲ ತೇಪೆ ಹಾಕಿ ಬೆಳಗಿನ ಜಾವಕ್ಕೆ ಕಳಿಸುತ್ತಿದ್ದರಂತೆ. ಒಬ್ಬ ದೊರೆ ಕೈಕುಲುಕಿದ್ದನಂತೆ. ಆ ನಡುವೆ ಒಂದು ಮಾತು ಮಾತ್ರ ಉಳಿದವುಗಳಿಗೆ ಹೊಂದುತ್ತಿರಲಿಲ್ಲ. ಮಾಡೆಲ್ಲಿನ ಚಕ್ರದ ಕಾಲು ಹೊರಗಡೆಗೆ ಮಡಿಚುವುದನ್ನು ತೋರಿಸುತ್ತ ಅವರು ತಟ್ಟನೆ ನಿಲ್ಲಿಸಿ, ‘ನಾವ್ ಮೊದಲು ಕೂಡ್ಸಿದ್ದು ಹಿಂಗಲ್ಲ, ಹಿಂಗೆ’ ಎಂದು ಮುಷ್ಟಿ ಹಿಡಿದು, ಮಣಿಕಟ್ಟನ್ನು ಕಾಲು ಸುತ್ತು ತಿರುಗಿಸಿ, ಮೊಳಕೈಯನ್ನು ಹಿಂದಕ್ಕೆ ಮಡಿಚಿದರು. ‘ಗುಂಡು ಮೂತಿಯದು. ಆ ಕಾಲು ಸಿಗ್ಹಾಕ್ಕೊಂಡ್ರೆ ಬೆರಳೇ ಹೋಗೋದು.’ ಯಾವ ವಿಮಾನವೆಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮತ್ತೆ ಸ್ಪಿಟ್‌ಫೈರಿನ ಕಥೆಗೆ ಹೊರಳಿದರು.

ಮಾಡೆಲ್ ಮುಗಿಯಿತು. ಹಾರ್ಡ್‌ವೇರ್ ಅಂಗಡಿಯ ಎನಾಮಲ್ ಹಸಿರು, ಕಂದು ಬೆರೆಸಿ ಬಣ್ಣ. ಅದು ದೊಡ್ಡಪ್ಪನ ಗಾಜಿನ ಬೀರು ಸೇರಿತು. ಬಂದವರಿಗೆಲ್ಲ ತೋರಿಸುವಾಗ ಅದು ಯಾರದೆಂದು ಅವರು ಒಮ್ಮೆಯೂ ಹೇಳಲಿಲ್ಲ. ಹುಡುಗ ಬಾಗಿಲ ಬಳಿ ನಿಂತಿರುತ್ತಿದ್ದ. ಒಮ್ಮೆ ಕೇಳದೆ ಬೀರು ತೆರೆದದ್ದಕ್ಕೆ ತಲೆಗೆ ಮೊಟಕಿದ್ದೂ ಉಂಟು. ಕೈಯಲ್ಲಿ ಅಷ್ಟು ಕಸುಬಿದ್ದು ಕೆಲಸವಿಲ್ಲದೆ ಕೂತ ಮನುಷ್ಯನಿಗೆ ಆ ಡಬ್ಬಿ ಏನಾಗಿತ್ತೆಂದು ಈಗ ಅವನಿಗೆ ಗೊತ್ತು. ಗೊತ್ತಾದ ಮಾತ್ರಕ್ಕೆ ಆ ಹುಡುಗನಿಗೆ ಆದದ್ದು ಆಗಲಿಲ್ಲವೆನ್ನಲು ಅವನು ಸಿದ್ಧನಿಲ್ಲ. ಪ್ರೀತಿಸುತ್ತಿದ್ದ ದೊಡ್ಡವರೊಬ್ಬರು ಮಗುವಿನ ಕೈಯಿಂದ ಒಂದು ವಸ್ತುವನ್ನು ಕಿತ್ತುಕೊಂಡಿದ್ದರು, ಎರಡೂ ನಿಜ. ವರ್ಷಗಳು ಕಳೆದಂತೆ ರಬ್ಬರ್ ಟೈರು ತಾಗಿದ ಕಡೆ ಪ್ಲಾಸ್ಟಿಕ್ ಮೆತ್ತಗಾಗಿ ಕರಗಿತು. ಮನೆ ಬದಲಿಸುವಾಗ ವಿಮಾನವೇ ಕಳೆದುಹೋಯಿತು.

ದೊಡ್ಡಪ್ಪ ತೀರಿಕೊಂಡು ಎಷ್ಟೋ ಕಾಲದ ಮೇಲೆ ಅವನು ಕಾರ್ಖಾನೆಯ ಚರಿತ್ರೆ ಓದಿದ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ ಕಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಅದು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿದ್ದ ಅಮೆರಿಕದ ವಿಲಿಯಂ ಪಾಲಿ ಅದಕ್ಕೆ ನೆರವಾದ. 1941ರಲ್ಲಿ ಜೋಡಿಸಿ ಹಾರಿಸಿದ ಮೊದಲ ವಿಮಾನ ಹಾರ್ಲೋ ತರಬೇತಿ ವಿಮಾನ. 1942ರಲ್ಲಿ ಮೊದಲ ಫೈಟರ್ ಹಾರಿತು, ಕರ್ಟಿಸ್ ಹಾಕ್ 75. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ಯುದ್ಧ ಮುಗಿಯುವವರೆಗೆ ಅವರ ರಿಪೇರಿ ಡಿಪೊ ಆಯಿತು. ಡಕೋಟಾ, ಕ್ಯಾಟಲೀನಾ, ಬಿ-25 ಬಾಂಬರುಗಳು ಅಲ್ಲಿಗೆ ಬರುತ್ತಿದ್ದವು. ದೊಡ್ಡಪ್ಪ ಹೇಳಿದ ಸ್ಪಿಟ್‌ಫೈರುಗಳ ಸಾಲು ಅವನು ಓದಿದ ಪುಟಗಳಲ್ಲಿ ಎಲ್ಲೂ ಸಿಗಲಿಲ್ಲ. ಹಾಕ್ 75 ಫೈಟರಿನ ವಿವರ ಓದುವಾಗ ಮಾತ್ರ ಅವನ ಕೈ ತಾನಾಗಿ ಮುಷ್ಟಿಯಾಯಿತು. ಆ ವಿಮಾನದ ಚಕ್ರದ ಕಾಲು ತೊಂಬತ್ತು ಡಿಗ್ರಿ ತಿರುಗುತ್ತ ಹಿಂದಕ್ಕೆ ಮಡಿಚಿ ರೆಕ್ಕೆಯೊಳಗೆ ಮಲಗುತ್ತದೆ.

ಆ ಕಾರ್ಖಾನೆಯಲ್ಲಿ ಜೋಡಣೆಯಾದ ಮೊದಲ ಫೈಟರಿಗೆ ಕೈ ಹಚ್ಚಿದ ಮನುಷ್ಯ, ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿ, ತನ್ನದಲ್ಲದ ಸ್ಪಿಟ್‌ಫೈರಿನ ಕಥೆ ಕಟ್ಟಿದ್ದರು. ಸಿನಿಮಾದಲ್ಲಿ, ಪುಸ್ತಕದಲ್ಲಿ, ಆ ಡಬ್ಬಿಯ ಮೇಲಿನ ಬಣ್ಣದ ಚಿತ್ರದಲ್ಲಿ ಎಲ್ಲೆಲ್ಲೂ ಸ್ಪಿಟ್‌ಫೈರೇ. ಹಾಕ್ 75 ಅಂದರೆ ಯಾರು ಕತ್ತೆತ್ತಿ ಕೇಳುತ್ತಿದ್ದರು? ಬರ್ಮಾ ಗಡಿಯ ಯುದ್ಧದ್ದೂ ಇದೇ ಕತೆ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಮುನ್ನಡೆಸಿದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್, ಅರಕಾನಿನಲ್ಲಿ ಮೆಹರ್ ಸಿಂಗ್ ಮುನ್ನಡೆಸಿದ 6ನೇ ಸ್ಕ್ವಾಡ್ರನ್ ಹಾರಿಸಿದ್ದು ಇನ್ನೊಂದು ಬ್ರಿಟಿಷ್ ಫೈಟರ್, ಹರಿಕೇನ್. ಬ್ರಿಟನ್ನಿನ ಕದನದಲ್ಲೇ ಸ್ಪಿಟ್‌ಫೈರಿಗಿಂತ ಹೆಚ್ಚು ಹರಿಕೇನುಗಳಿದ್ದವು, ಶತ್ರು ವಿಮಾನಗಳನ್ನು ಹೆಚ್ಚು ಕೆಡವಿದ್ದೂ ಅವೇ. ಅಂಗಡಿಯ ಕಪಾಟಿನಲ್ಲಿ ಈಗಲೂ ಒಂದು ಹರಿಕೇನಿಗೆ ಎಷ್ಟೋ ಸ್ಪಿಟ್‌ಫೈರು.

ಅಳಿಯನಿಗೆ ಅವನು ಕೊಟ್ಟ ಉತ್ತರ ಇಷ್ಟೆಲ್ಲದರ ಮೇಲೆ ನಿಂತಿತ್ತು. ಏರ್‌ಫಿಕ್ಸ್‌ನ 1/24 ಮಾರ್ಕ್ 9 ಹಳೆಯದಕ್ಕೆ ಹೋಲಿಕೆಯೇ ಇಲ್ಲದ ಹೊಸ ಮೋಲ್ಡು, 400ಕ್ಕೂ ಹೆಚ್ಚು ಭಾಗಗಳು, ಒಳಗಿನ ಪಕ್ಕೆಲುಬುಗಳಿಂದ ಹಿಡಿದು ಕಟ್ಟುತ್ತ ಬರಬೇಕು. ಒಂದು ಭಾಗ ಕೂದಲೆಳೆಯಷ್ಟು ವಾಲಿದರೂ ಹತ್ತು ಹೆಜ್ಜೆಯಾದ ಮೇಲೆ ರೆಕ್ಕೆ ಕೂರುವುದಿಲ್ಲ. ಮುಗಿಸಿದ ಮೇಲೆ ಇಡುವುದೆಲ್ಲಿ ಎಂಬುದೂ ಎರಡು ಕೋಣೆಯ ಮನೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಕೊಟಾರೆಯವರು ಎಂಜಿನ್ ಕೊಡುವುದೇ ಇಲ್ಲ. ಅವರ ಶ್ರಮವೆಲ್ಲ ಹೊರಮೈಗೆ. ತಗಡಿನ ಮೇಲೆ ತಗಡು ಕೂತ ಅಂಚು, ಬಾಲದ ಮೈಯ ರಿವೆಟ್ಟು ಎಲ್ಲ ಕಣ್ಣಿಗೆ ಹಿತವಾದಷ್ಟೇ. ಮುಚ್ಚಿಡುವ ಎಂಜಿನ್ನಿಗಿಂತ ಇದು ಜಾಣತನವೆಂದು ಅವನ ಖಚಿತ ಅಭಿಪ್ರಾಯ. ಟಮಿಯಾದಲ್ಲಿ ಎಂಜಿನ್ನೂ ಇದೆ, ಮೂತಿಯ ಮುಚ್ಚಳಗಳನ್ನು ಪುಟಾಣಿ ಅಯಸ್ಕಾಂತಗಳು ಹಿಡಿದುಕೊಳ್ಳುತ್ತವೆ. ತೆಗೆದು ಹಾಕುವಂತಿಟ್ಟರೆ ಸಂದು ಕಾಣುತ್ತದೆ, ಅಂಟಿಸಿದರೆ ಮೂತಿ ಚೊಕ್ಕವಾಗುತ್ತದೆ.

ದೊಡ್ಡ ಅಳತೆಯ ಕಿಟ್ ಆರಿಸುವವರು ಬಿಡಿಭಾಗಗಳ ಲೆಕ್ಕ ನೋಡಿ ಮರುಳಾಗುತ್ತಾರೆ. ಅವನು ನೋಡುವುದು ಆಕಾರ. ಆರ್. ಜೆ. ಮಿಚೆಲ್ ವಿನ್ಯಾಸದ ಸ್ಪಿಟ್‌ಫೈರಿನ ರೆಕ್ಕೆ ಬುಡದಲ್ಲಿ 2 ಡಿಗ್ರಿ ಮೇಲಕ್ಕೆದ್ದು, ತುದಿಗೆ ಹೋಗುವಷ್ಟರಲ್ಲಿ ಅರ್ಧ ಡಿಗ್ರಿ ಕೆಳಕ್ಕೆ ತಿರುಚಿಕೊಂಡಿರುತ್ತದೆ. ಹೊಟ್ಟೆಯ ಕೆಳಗೆ ರೆಕ್ಕೆ ಸೇರುವಲ್ಲಿ ಹಕ್ಕಿಯ ಹೆಗಲಿನ ಬಾಗು ಇದೆ. ಇವೆರಡು ತಪ್ಪಿದ ಕಿಟ್ಟಿಗೆ ಎಷ್ಟು ಹಿತ್ತಾಳೆ ತಗಡು, ಎಷ್ಟು ರೆಸಿನ್ ಭಾಗ ಕೊಂಡು ಹಾಕಿದರೂ ಅದು ಸ್ಪಿಟ್‌ಫೈರಿನಂತೆ ಕೂರುವುದಿಲ್ಲ. ಮಿಕ್ಕದ್ದನ್ನು ತಿದ್ದಬಹುದು. ಮೋಲ್ಡು ಎರಡು ಹೋಳಾಗಿ ಒಂದೇ ದಿಕ್ಕಿಗೆ ತೆರೆಯುವುದರಿಂದ ಬೆನ್ನು ಮತ್ತು ಹೊಟ್ಟೆಯ ಕಡೆಗೆ ಗೆರೆಗಳು ಮಂಕಾಗುತ್ತವೆ. ಅವನ್ನು ಗಟ್ಟಿ ಟೇಪಿನ ಅಂಚಿಗೆ ಸೂಜಿ ಹಿಡಿದು, ಒತ್ತದೆ, ಮತ್ತೆ ಮತ್ತೆ ಎಳೆದು ಗೀರಬೇಕು. ಆಸನಕ್ಕೆ ಲೋಹದ ಬಣ್ಣ ಬೇಡ. ಬಹುಪಾಲು ಸ್ಪಿಟ್‌ಫೈರುಗಳ ಆಸನ ರಾಳ ಸೇರಿಸಿ ಒತ್ತಿದ ಕೆಂಗಂದು ಹಲಗೆಯದು. ಬಾಗಿಲ ಒಳಗಿನ ಹಾರೆಗೆ ಕೆಂಪು ಬಳಿಯುವುದು ಇಂದು ಪ್ರದರ್ಶನಕ್ಕೆ ಹಾರುವ ವಿಮಾನಗಳನ್ನು ನೋಡಿ ಬಂದ ರೂಢಿ. ನಿಲ್ಲಿಸಿದ ವಿಮಾನದ ಫ್ಲ್ಯಾಪ್ ಇಳಿಬಿಡುವುದು ಚೆಂದ ಕಾಣುತ್ತದೆ, ಆದರೆ ಅದು ರೇಡಿಯೇಟರಿನ ಗಾಳಿಗೆ ಅಡ್ಡ ಬರುತ್ತಿದ್ದುದರಿಂದ ಪೈಲಟ್‌ಗಳು ನೆಲಕ್ಕಿಳಿದೊಡನೆ ಎತ್ತಿಬಿಡುತ್ತಿದ್ದರು. ರಬ್ಬರ್ ಟೈರುಗಳನ್ನು ಮಾತ್ರ ಅವನು ಡಬ್ಬಿಯಿಂದಲೇ ಬೇರೆ ಇಡಿಸುತ್ತಾನೆ. ಅವುಗಳ ಬದಲಿಗೆ ರೆಸಿನ್ ಚಕ್ರ. ಇದಕ್ಕೆ ಅವನು ಕೊಡುವ ಕಾರಣ ಅಳಿಯನಿಗೆ ಬಾಯಿಪಾಠ.

ಟೂತ್‌ಪೇಸ್ಟ್ ಟ್ಯೂಬಿನ ಬೆಲ್ಟಿಗೆ ಈಗ ಕೆಲಸವಿಲ್ಲ. ಬಕಲ್ಲು ಸಹಿತ ಮುದ್ರಿಸಿದ ಬೆಲ್ಟು, ಗಾಜು ಹಾಕಿದಂತೆ ಹೊಳೆಯುವ ಗಡಿಯಾರಗಳ ಫಲಕ ಎಲ್ಲ ಲಕೋಟೆಯಲ್ಲಿ ಬರುತ್ತವೆ, ಅಂಚು ಕತ್ತರಿಸಿ ಅಂಟಿಸಿದರಾಯಿತು. ಅವು ದೊಡ್ಡಪ್ಪ ಮಾಡಿದ್ದಕ್ಕಿಂತ ನಿಖರ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಅವನು ಅಳಿಯನಿಂದ ಒಂದು ಬೆಲ್ಟನ್ನು ತವರದ ಹಾಳೆಯಲ್ಲಿ ಮಾಡಿಸಿದ. ಬೆಂಕಿಕಡ್ಡಿ ಒತ್ತುವುದು ಎಷ್ಟು ಮೆಲ್ಲಗಿರಬೇಕೆಂದು ತಿಳಿಯಲಿ ಅಂತ. ತಾನು ಕೈ ಹಾಕಲಿಲ್ಲ, ಕಷ್ಟಪಟ್ಟು ಕೈ ಕಟ್ಟಿಕೊಂಡು ಕೂತ.

ಅಳಿಯ ಟಮಿಯಾದ ಮಾರ್ಕ್ 8 ತರಿಸಿದ. ಕಾರಣವಿದೆ: ಭಾರತದ 8ನೇ ಸ್ಕ್ವಾಡ್ರನ್ ಬರ್ಮಾ ರಂಗದಲ್ಲಿ ಹಾರಿಸಿದ್ದು ಇದೇ ಮಾರ್ಕು. ಡಬ್ಬಿಯ ಡೆಕಾಲ್‌ಗಳನ್ನು ಬದಿಗಿಟ್ಟು ಗುರುತಿನ ವೃತ್ತಗಳನ್ನು ಮಾಸ್ಕ್ ಕತ್ತರಿಸಿ ಬಣ್ಣದಲ್ಲೇ ಹಾಕುತ್ತಿದ್ದಾನೆ. ಆ ರಂಗದಲ್ಲಿ ಬ್ರಿಟಿಷ್ ಗುರುತಿನ ನಡುವಿನ ಕೆಂಪು ಚುಕ್ಕೆ ತೆಗೆದುಹಾಕಿದ್ದರು. ಜಪಾನಿನ ಕೆಂಪು ಸೂರ್ಯನೆಂದು ನಮ್ಮವರೇ ಗುಂಡು ಹಾರಿಸಬಾರದಲ್ಲ. ಉಳಿದದ್ದು ಎರಡು ಬಗೆಯ ನೀಲಿ. ಆ ತಿಳಿನೀಲಿಯ ಹದ ಎಷ್ಟೆಂದು ಮಾಮ, ಅಳಿಯ ಇಬ್ಬರೂ ಕಪ್ಪುಬಿಳುಪು ಫೋಟೋಗಳನ್ನು ಮುಂದಿಟ್ಟುಕೊಂಡು ಊಟದ ಹೊತ್ತಿನಲ್ಲೂ ವಾದ ಮಾಡುತ್ತಾರೆ.

ಮಾಮನ ಮೇಜಿನ ಮೇಲಿರುವುದು ಬೇರೆ ಡಬ್ಬಿ. ಜೆಕ್ ಕಂಪನಿಯೊಂದರ 1/32 ಅಳತೆಯ ಕರ್ಟಿಸ್ ಪಿ-36, ಅಂದರೆ ಅಮೆರಿಕದ ಸೇನೆ ಬಳಸಿದ ಹಾಕ್. ಜೋಡಿಸಿದರೆ ಅದು ಬೆಂಗಳೂರಿನ ವಿಮಾನವಾಗುವುದಿಲ್ಲ. ಅದರ ಮೂತಿಯೊಳಗಿರುವುದು ಎರಡು ಸಾಲಿನ 14 ಸಿಲಿಂಡರಿನ ಟ್ವಿನ್ ವಾಸ್ಪ್. ಬೆಂಗಳೂರಿನಲ್ಲಿ ಕೂಡಿಸಿದ ಹಾಕ್‌ಗೆ ಒಂದೇ ಸಾಲಿನ 9 ಸಿಲಿಂಡರಿನ ರೈಟ್ ಸೈಕ್ಲೋನ್. ಎಂಜಿನ್ನಿನ ಅಡ್ಡಳತೆ ಮೊದಲನೆಯದು ಸುಮಾರು 122 ಸೆಂಟಿಮೀಟರು, ಎರಡನೆಯದು ಸುಮಾರು 140. ಈ ಅಳತೆಗೆ ಇಳಿಸಿದರೂ ಐದು ಮಿಲಿಮೀಟರಿಗೆ ಮೇಲ್ಪಟ್ಟ ವ್ಯತ್ಯಾಸ, ಮೂತಿ ದಪ್ಪವಾಗಬೇಕು, ಗಿಡ್ಡವಾಗಬೇಕು. ಕಿಟ್ಟಿನ ಮುಂಭಾಗವನ್ನು ಅವನು ಆಗಲೇ ಗರಗಸದಿಂದ ಕತ್ತರಿಸಿ ತೆಗೆದಿದ್ದಾನೆ. ಹೊಸ ಮೂತಿಯನ್ನು ಕಂಪ್ಯೂಟರಿನಲ್ಲಿ ಬರೆದಾಗಿದೆ, ಅಳಿಯ ತನ್ನ ರೆಸಿನ್ ಪ್ರಿಂಟರಿನಲ್ಲಿ ತೆಗೆದುಕೊಡುತ್ತಾನೆ. ಚಕ್ರದ ಕಾಲನ್ನು ಹಿತ್ತಾಳೆ ಕೊಳವೆಯಲ್ಲಿ ಹೊಸದಾಗಿಯೇ ಮಾಡುತ್ತಿದ್ದಾನೆ. ಇಳಿದು ನಿಂತ ಸ್ಥಿತಿಯಲ್ಲಿ ಅಂಟಿಸುವ ಬದಲು, ಎಳೆದರೆ ತಿರುಗುತ್ತ ಹಿಂದಕ್ಕೆ ಮಡಿಚಿಕೊಳ್ಳುವಂತೆ. ತಿರುಗುವ ಗೂಟಕ್ಕೆ ಎಷ್ಟು ಸಡಿಲ ಬಿಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.